ತೊಗಟೆಯೇ ಮದ್ದಾದ ಮರ

ಮರದ ಬೆಲೆ ಅದರ ಹಣ್ಣಿನಲ್ಲೋ ದಿಮ್ಮಿಯಲ್ಲೋ ಇರುವುದೆಂದು ನಾವು ಸಾಮಾನ್ಯವಾಗಿ ಭಾವಿಸುವುದುಂಟು. ಆಫ್ರಿಕಾ ಖಂಡದ ಮಲೆಗಾಡುಗಳಲ್ಲಿ ಬೆಳೆಯುವ ಒಂದು ಮಹಾವೃಕ್ಷಕ್ಕಾದರೋ ತೊಗಟೆಯೇ ಸಂಪತ್ತು; ಅದರ ವಿಪತ್ತಿಗೂ ತೊಗಟೆಯೇ ಕಾರಣ. ಸಸ್ಯಶಾಸ್ತ್ರಜ್ಞರು ಇದನ್ನು ಪ್ರೂನಸ್ ಆಫ್ರಿಕಾನ ಎಂದು ಕರೆಯುತ್ತಾರೆ. ಕೀನ್ಯಾ ದೇಶದ ಕಿಕುಯು ಜನರಿಗೆ ಇದು ಮುಯಿರಿ. ಬಾದಾಮಿಗೆ ಹತ್ತಿರದ ಬಂಧುವಾದುದರಿಂದ, ಎಲೆಯನ್ನು ಹೊಸಕಿದರೆ ಕಹಿಬಾದಾಮಿಯ ವಾಸನೆ ಹೊರಡುವುದು. ಪಶ್ಚಿಮದಲ್ಲಿ ಕ್ಯಾಮರೂನ್, ಪೂರ್ವದಲ್ಲಿ ಇಥಿಯೋಪಿಯ, ದಕ್ಷಿಣದಲ್ಲಿ ಮಡಗಾಸ್ಕರ್, ಹೀಗೆ ಬಹುದೂರ ಹರಡಿರುವ ಈ ವೃಕ್ಷವು ಬಹುಮಟ್ಟಿಗೆ ಎತ್ತರದ ತಂಪು ಪ್ರದೇಶಗಳಲ್ಲಿಯೇ ಕಾಣಸಿಗುತ್ತದೆ.

ಇದರ ಗಟ್ಟಿಯಾದ ಮರದಿಂದ ಬೆಟ್ಟದ ಜನರು ಕೊಡಲಿ ಗುದ್ದಲಿಗಳಿಗೆ ಕಾವು ಮಾಡಿಕೊಳ್ಳುತ್ತಿದ್ದರು. ನಾಟಿವೈದ್ಯರು ಜ್ವರ, ಹೊಟ್ಟೆನೋವು, ಎದೆನೋವುಗಳಿಗೆ ತೊಗಟೆಯ ಕಷಾಯವನ್ನು ಕೊಡುತ್ತಿದ್ದರು. ಒಂದೆರಡು ಪಟ್ಟಿ ಸುಲಿದುಕೊಂಡರೆ ಅವರ ಅಗತ್ಯ ತೀರುತ್ತಿತ್ತು. ಮರಕ್ಕೆ ಅದರಿಂದ ಕೇಡಿಲ್ಲ. ಎಲೆಗಳು ಬಿಸಿಲಿನಲ್ಲಿ ಅಟ್ಟ ಆಹಾರವು ಬೇರಿಗೆ ಇಳಿಯುವ ದಾರಿ ತೊಗಟೆಯ ಒಳಪದರದಲ್ಲಿದೆ. ಕಾಂಡದ ಒಂದು ಪಕ್ಕವನ್ನು ಉಳಿಸಿದರೆ ಆ ದಾರಿ ತೆರೆದಿರುತ್ತದೆ; ಸುಲಿದ ಕಡೆಯಲ್ಲಿ ಈ ಮರವು ಹೊಸ ತೊಗಟೆಯನ್ನೂ ಬೆಳೆಸಿಕೊಳ್ಳಬಲ್ಲದು. ಸುತ್ತಲೂ ಸುಲಿದರೆ ಬೇರು ಉಪವಾಸ ಬಿದ್ದು, ಮರ ನಿಂತಲ್ಲಿಯೇ ಸಾಯುವುದು.

1966ರಲ್ಲಿ ಫ್ರಾನ್ಸಿನ ಜಾಕ್ ದೆಬಾ ಎಂಬವರು ಈ ತೊಗಟೆಯ ಸತ್ವಕ್ಕೆ ಪೇಟೆಂಟ್ ಪಡೆದರು. ಇಳಿವಯಸ್ಸಿನ ಗಂಡಸರಿಗೆ ಪ್ರಾಸ್ಟೇಟ್ ಗ್ರಂಥಿಯು ಊದಿಕೊಂಡು ಮೂತ್ರಕ್ಕೆ ತಡೆಯಾಗುವುದಷ್ಟೆ. ಅದಕ್ಕೆ ಇದು ಮದ್ದೆಂದು ಯೂರೋಪಿನಲ್ಲಿ ಹೆಸರಾಯಿತು. ನಾಟಿವೈದ್ಯನ ಚೀಲಕ್ಕೆ ಸಾಲುತ್ತಿದ್ದ ಪಟ್ಟಿ ಹಡಗಿಗೆ ಸಾಲದಾಯಿತು. 1990ರ ದಶಕದಲ್ಲಿ ವರ್ಷಕ್ಕೆ 3,000 ಟನ್ನಿಗೂ ಮಿಕ್ಕಿ ತೊಗಟೆ ಆಫ್ರಿಕಾದಿಂದ ಹೊರಹೋಗುತ್ತಿತ್ತು. ಎದುರುಬದುರಿನ ಎರಡು ಪಕ್ಕಗಳನ್ನು ಮಾತ್ರ ಸುಲಿಯಬೇಕೆಂಬ ನಿಯಮ ಕ್ಯಾಮರೂನಿನಲ್ಲಿ ಇತ್ತು. ಆದರೆ ಕೂಲಿ ದೊರೆಯುತ್ತಿದ್ದುದು ತೊಗಟೆಯ ತೂಕಕ್ಕೆ. ಬಡವನಾದ ಕೂಲಿಕಾರ ಯಾವುದನ್ನು ಪಾಲಿಸುವನು? ಕೊಂಬೆಗಳ ತೊಗಟೆಗಾಗಿ ಮರವನ್ನೇ ಉರುಳಿಸಿದ್ದೂ ಉಂಟು. ಅವನನ್ನು ಕಳ್ಳನೆಂದು ಬೈಯುವುದಕ್ಕೆ ನಮಗೆ ಮನಸ್ಸು ಬಾರದು. ಔಷಧದ ಬೆಲೆಯಲ್ಲಿ ಅವನ ಕೈಗೆ ಬರುತ್ತಿದ್ದುದು ಅತ್ಯಲ್ಪ.

ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ಹತೋಟಿಯಲ್ಲಿಡುವ ಅಂತರರಾಷ್ಟ್ರೀಯ ಒಡಂಬಡಿಕೆಯು 1995ರಿಂದ ಈ ಮರವನ್ನು ತನ್ನ ಎರಡನೆಯ ಪಟ್ಟಿಯಲ್ಲಿ ಇರಿಸಿಕೊಂಡಿದೆ. ವ್ಯಾಪಾರ ನಿಂತಿಲ್ಲ, ಪರವಾನಗಿ ಬೇಕು, ಅಷ್ಟೆ. ಕ್ಯಾಮರೂನಿನ ಬೆಟ್ಟಗಳಲ್ಲಿ ರೈತರು ಈಗ ತಮ್ಮ ಹೊಲಗಳಲ್ಲಿಯೇ ಇದರ ಸಸಿಗಳನ್ನು ನೆಡುತ್ತಿದ್ದಾರೆ. ಮೊದಲ ತೊಗಟೆಯನ್ನು ಸುಲಿಯುವುದಕ್ಕೆ ಅವರು ಹತ್ತು ಹದಿನೈದು ವರ್ಷ ಕಾಯಬೇಕು.