ಬಾಟಲಿಗೂ ಗಾಳಿ ಬೇಕು

ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ಬಾಟಲಿ ಕೊಳ್ಳಲು ನಿಂತವರ ಎದುರು ಒಂದು ಸಣ್ಣ ಪರೀಕ್ಷೆ ನಡೆಯುತ್ತದೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಟ್ಟ ಅಯಸ್ಕಾಂತವನ್ನು ಅಂಗಡಿಯವರು ಬಾಟಲಿಗೆ ತಾಗಿಸುತ್ತಾರೆ. ಅದು ಅಂಟದೆ ಜಾರಿದರೆ, ‘ನೋಡಿ ಮೇಡಂ, ಒರಿಜಿನಲ್ ಸ್ಟೀಲು’ ಎನ್ನುತ್ತಾರೆ. ಕೊಳ್ಳುವವರಿಗೂ ಸಮಾಧಾನ. ಆದರೆ ಬಾಟಲಿಯ ಮಟ್ಟಿಗೆ ಈ ಪರೀಕ್ಷೆಯನ್ನು ನಂಬಿ ಕೂರುವಂತಿಲ್ಲ. ಕೆಳದರ್ಜೆಯ ಸ್ಟೀಲು ಇದರಲ್ಲಿ ಸಲೀಸಾಗಿ ಪಾಸಾಗುತ್ತದೆ. ಒಳ್ಳೆಯ ಸ್ಟೀಲು ಕೆಲವೊಮ್ಮೆ ಫೇಲಾಗುತ್ತದೆ.

ಜೇಬಿನಲ್ಲಿರುವ ಒಂದು ರೂಪಾಯಿ ನಾಣ್ಯವನ್ನೇ ನೋಡಿ. ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟುತ್ತದೆ. ಹಾಗೆಂದು ಅದು ನಕಲಿ ಲೋಹವಲ್ಲ, ಅದೂ ಸ್ಟೇನ್‌ಲೆಸ್ ಸ್ಟೀಲೇ. ಅದರಲ್ಲಿ ಕ್ರೋಮಿಯಂ ಇದೆ, ನಿಕಲ್ ಇಲ್ಲ. ಕಬ್ಬಿಣಕ್ಕೆ ಸಾಕಷ್ಟು ನಿಕಲ್ ಬೆರೆತಾಗ ಪರಮಾಣುಗಳು ಬೇರೆಯದೇ ರೀತಿಯಲ್ಲಿ ಜೋಡಣೆಗೊಂಡು ಅಯಸ್ಕಾಂತದ ಸೆಳೆತ ಇಲ್ಲವಾಗುತ್ತದೆ. ಬಾಟಲಿಗಳಿಗೆ ಹೆಸರಾದ 304 ದರ್ಜೆಯ ಸ್ಟೀಲಿನಲ್ಲಿ ಸುಮಾರು 18 ಶೇಕಡ ಕ್ರೋಮಿಯಂ, 8 ಶೇಕಡ ನಿಕಲ್ ಇರುತ್ತದೆ. ಡಬ್ಬದ ಮೇಲೆ 18/8 ಎಂದು ಬರೆದಿರುವುದು ಇದನ್ನೇ. ನಿಕಲ್ ದುಬಾರಿ. ಅದನ್ನು ಕಡಿಮೆ ಮಾಡಿ ಮ್ಯಾಂಗನೀಸ್ ಮತ್ತು ಸಾರಜನಕ ಬೆರೆಸಿದರೂ ಪರಮಾಣುಗಳ ಅದೇ ಜೋಡಣೆ ಸಿಗುತ್ತದೆ. ಹಾಗೆ ತಯಾರಾಗುವ 200 ಸರಣಿಯ ಸ್ಟೀಲು ನಮ್ಮ ದೇಶದ ಪಾತ್ರೆ ಮಾರುಕಟ್ಟೆಯಲ್ಲಿ ಹೇರಳವಾಗಿದೆ. ಅದಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಇತ್ತ ಅಪ್ಪಟ 304 ತಗಡನ್ನು ಒತ್ತಿ, ಎಳೆದು ಬಾಟಲಿಯ ಕುತ್ತಿಗೆ ಮಾಡುವಾಗ ಆ ಬಾಗಿದ ಭಾಗದ ಜೋಡಣೆ ಸ್ವಲ್ಪ ಕದಡಿ ಅಲ್ಲಿ ಮಾತ್ರ ಅಯಸ್ಕಾಂತ ತುಸು ಹಿಡಿಯಬಹುದು. ಅದನ್ನು ಕಂಡು ಒಳ್ಳೆಯ ಬಾಟಲಿಯನ್ನು ವಾಪಸಿಟ್ಟು ಬರುವವರೂ ಇದ್ದಾರೆ.

ಸ್ಟೇನ್‌ಲೆಸ್ ಸ್ಟೀಲಿನ ಕತೆ ಹೇಳುವಾಗ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಹ್ಯಾರಿ ಬ್ರೇರ್ಲಿಯ ಹೆಸರು ಮೊದಲು ಬರುತ್ತದೆ. ಕುಲುಮೆ ಕೆಲಸಗಾರನ ಮಗ, 12ನೆಯ ವಯಸ್ಸಿಗೇ ಶಾಲೆ ಬಿಟ್ಟವನು. ಬಂದೂಕಿನ ನಳಿಕೆ ಬೇಗ ಸವೆಯದಿರಲು ಏನು ಮಾಡಬೇಕೆಂದು ಹುಡುಕುತ್ತ 1913ರಲ್ಲಿ 12.8 ಶೇಕಡ ಕ್ರೋಮಿಯಂ ಇದ್ದ ಉಕ್ಕನ್ನು ಎರಕ ಹೊಯ್ಯಿಸಿದ. ಸೂಕ್ಷ್ಮದರ್ಶಕದಲ್ಲಿ ನೋಡುವ ಮೊದಲು ತುಣುಕನ್ನು ಆಮ್ಲದಲ್ಲಿ ಅದ್ದುವುದು ರೂಢಿ. ಈ ಉಕ್ಕು ಆಮ್ಲಕ್ಕೆ ಜಗ್ಗಲಿಲ್ಲ. ವಿನೆಗರ್, ನಿಂಬೆರಸಗಳಿಗೂ ಜಗ್ಗಲಿಲ್ಲ. ಅಡುಗೆಮನೆಯ ಚಾಕುಗಳಿಗೆ ಇದು ಹೇಳಿ ಮಾಡಿಸಿದ್ದು ಎಂದು ಅವನಿಗೆ ಹೊಳೆಯಿತು. ಆದರೆ ನೀರಿನ ಬಾಟಲಿಯ ನೇರ ಪೂರ್ವಜ ಅದಲ್ಲ. ಜರ್ಮನಿಯ ಕ್ರುಪ್ ಕಾರ್ಖಾನೆಯಲ್ಲಿ ಬೆನ್ನೊ ಸ್ಟ್ರಾಸ್ ಮತ್ತು ಎಡುವಾರ್ಡ್ ಮೌರರ್ 1912ರಲ್ಲೇ ಕ್ರೋಮಿಯಂ ಜೊತೆಗೆ ನಿಕಲ್ ಸೇರಿದ ಉಕ್ಕನ್ನು ರೂಪಿಸಿದ್ದರು, ಕ್ರುಪ್ ಅದಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿತ್ತು. ಬಗ್ಗಿಸಿದರೆ ಬಗ್ಗುವ, ಎಳೆದರೆ ಹಿಗ್ಗುವ ಆ ಲೋಹದ ಸಂತತಿಯೇ ಇಂದು ನಮ್ಮ ಬ್ಯಾಗಿನಲ್ಲಿರುವುದು.

ಈ ಲೋಹಕ್ಕೆ ತುಕ್ಕು ಏಕೆ ಹಿಡಿಯುವುದಿಲ್ಲ? ಹಾಗೆ ನೋಡಿದರೆ ಇದರ ಮೇಲ್ಮೈ ಗಾಳಿಯ ಆಮ್ಲಜನಕದೊಡನೆ ಕಬ್ಬಿಣದಷ್ಟೇ ಆತುರದಿಂದ ಸೇರುತ್ತದೆ. ಕಬ್ಬಿಣದ ತುಕ್ಕು ಹುಡಿಹುಡಿಯಾಗಿ ಉದುರುತ್ತದೆ, ಕೆಳಗಿನ ಹೊಸ ಕಬ್ಬಿಣ ಮತ್ತೆ ಗಾಳಿಗೆ ಒಡ್ಡಿಕೊಳ್ಳುತ್ತದೆ. ಕ್ರೋಮಿಯಂ ಸುಮಾರು 10.5 ಶೇಕಡಕ್ಕಿಂತ ಹೆಚ್ಚಿದ್ದರೆ ಆಗುವುದೇ ಬೇರೆ. ಕ್ರೋಮಿಯಂ ಆಕ್ಸೈಡಿನ ಬಿಗಿಯಾದ ಪೊರೆಯೊಂದು ಇಡೀ ಮೇಲ್ಮೈಯನ್ನು ಮುಚ್ಚಿಬಿಡುತ್ತದೆ. ದಪ್ಪ ಕೆಲವೇ ನ್ಯಾನೋಮೀಟರ್, ತಲೆಗೂದಲಿನ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಕಣ್ಣಿಗೆ ಕಾಣುವುದಿಲ್ಲ, ನೀರನ್ನು ಒಳಗೆ ಬಿಡುವುದಿಲ್ಲ. ಗೀರು ಬಿದ್ದರೆ ಚರ್ಮದ ಗಾಯ ಮಾಯುವಂತೆ ತಾನೇ ಕೂಡಿಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಗಾಳಿಯಲ್ಲಿ ಅಥವಾ ನೀರಿನಲ್ಲಿ ಕರಗಿರುವ ಆಮ್ಲಜನಕ ಮಾತ್ರ.

ಬಾಟಲಿಯನ್ನು ಆರಿಸುವುದಾಗಲಿ ಬಳಸುವುದಾಗಲಿ ಕೊನೆಗೆ ಈ ಪೊರೆಯ ಯೋಗಕ್ಷೇಮದ ಪ್ರಶ್ನೆ.

ಪೊರೆಯ ದೊಡ್ಡ ಶತ್ರು ಉಪ್ಪು. ಸರಿಯಾಗಿ ಹೇಳಬೇಕೆಂದರೆ ಉಪ್ಪಿನಲ್ಲಿರುವ ಕ್ಲೋರೈಡ್. ಅದು ಪೊರೆಯ ದುರ್ಬಲ ಜಾಗವನ್ನು ಹುಡುಕಿ ಸೂಜಿಮೊನೆಯಷ್ಟು ಗುಳಿ ತೋಡುತ್ತದೆ. ತೊಟ್ಟಿ, ಕೊಳವೆಗಳನ್ನು ಕಟ್ಟುವ ಎಂಜಿನಿಯರುಗಳು 304 ಸ್ಟೀಲು ಸದಾ ಮುಳುಗಿರುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ ಸುಮಾರು 200 ಮಿಲಿಗ್ರಾಂ ಮೀರದಿರಲಿ ಎಂಬ ಲೆಕ್ಕ ಇಟ್ಟುಕೊಂಡಿರುತ್ತಾರೆ. ಭೇದಿಯಾದಾಗ ಕುಡಿಯುವ ಒಆರ್‌ಎಸ್ ದ್ರಾವಣದಲ್ಲಿ ಕ್ಲೋರೈಡ್ ಲೀಟರಿಗೆ ಸುಮಾರು 2300 ಮಿಲಿಗ್ರಾಂ. ಹಾಗಾದರೆ ಅದನ್ನು ಸ್ಟೀಲ್ ಬಾಟಲಿಯಲ್ಲಿ ಒಯ್ಯಬಾರದೇ? ಧಾರಾಳವಾಗಿ ಒಯ್ಯಬಹುದು. ಗುಳಿ ಬೀಳಲು ಸಮಯ ಬೇಕು. ಉಪ್ಪು ಹಾಕಿದ ಮಜ್ಜಿಗೆಯಾಗಲಿ, ಗಂಜಿತಿಳಿಯಾಗಲಿ, ನಿಂಬೆ ಪಾನಕವಾಗಲಿ ಅಂದೇ ಕುಡಿದು ತೊಳೆದಿಟ್ಟರೆ ಲೋಹಕ್ಕೆ ಏನೂ ಆಗದು. ಶನಿವಾರ ತುಂಬಿದ ಮಜ್ಜಿಗೆ ಸೋಮವಾರದವರೆಗೆ ಬ್ಯಾಗಿನಲ್ಲೇ ಉಳಿದರೆ ತೊಂದರೆ ಶುರು. 304ರಲ್ಲಿ ಇದನ್ನು ತಡೆದುಕೊಳ್ಳುವ ಶಕ್ತಿ 200 ಸರಣಿಗಿಂತ ಹೆಚ್ಚು. 2ರಿಂದ 3 ಶೇಕಡ ಮಾಲಿಬ್ಡಿನಂ ಬೆರೆತ 316ರಲ್ಲಿ ಇನ್ನೂ ಹೆಚ್ಚು. ಬರೀ ನೀರು ಕುಡಿಯುವವರು 316ಕ್ಕೆ ಹೆಚ್ಚು ಹಣ ತೆರಬೇಕಾಗಿಲ್ಲ. 200 ಸರಣಿಯ ಬಾಟಲಿಯೂ ವಿಷವೇನಲ್ಲ, ಬರೀ ನೀರಿಗೆ ನಡೆಯುತ್ತದೆ. ಉಪ್ಪು, ಹುಳಿ ಅದಕ್ಕೆ ಬೇಗ ತಾಗುತ್ತವೆ, ಅಷ್ಟೇ.

ಹಾಗಾದರೆ ಅಂಗಡಿಯಲ್ಲಿ ನೋಡಬೇಕಾದ್ದು ಏನು? ಮೊದಲು ತಳ. ಅಲ್ಲಿ 304 ಅಥವಾ 18/8 ಎಂಬ ಅಚ್ಚು ಇದೆಯೇ, ಜೊತೆಗೆ ಐಎಸ್‌ಐ ಗುರುತು ಇದೆಯೇ ನೋಡಬೇಕು. ತಾಮ್ರ, ಸ್ಟೀಲ್ ಮತ್ತು ಅಲ್ಯೂಮಿನಿಯಂ ನೀರಿನ ಬಾಟಲಿಗಳಿಗೆ ಭಾರತೀಯ ಮಾನಕ ಬ್ಯೂರೊ ಐಎಸ್ 17803 ಎಂಬ ಮಾನಕ ರೂಪಿಸಿದೆ. ಕುಡಿಯುವ ನೀರಿನ ಬಾಟಲಿಗಳ ಗುಣಮಟ್ಟ ನಿಯಂತ್ರಣದ ಆದೇಶವನ್ನು ಕೇಂದ್ರ ಸರ್ಕಾರ 2023ರಲ್ಲಿ ಹೊರಡಿಸಿತು. ಎರಡು ಪದರದ ಬಾಟಲಿಯಾದರೆ 304 ಎಂದು ಬರೆದಿರುವುದು ಒಳಪದರಕ್ಕೋ ಎರಡಕ್ಕೂ ಅನ್ವಯವೋ ಕೇಳಿಕೊಳ್ಳಬೇಕು. ಒಳಗೆ 304, ಹೊರಗೆ 200 ಸರಣಿಯ 201 ಇರುವ ಬಾಟಲಿಗಳು ಸಾಕಷ್ಟಿವೆ, ಅದರಲ್ಲಿ ಮೋಸವೇನೂ ಇಲ್ಲ. ಆಮೇಲೆ ಬಾಯಿ: ಬ್ರಷ್ ಹೋಗಿ ತಳ ಮುಟ್ಟುವಷ್ಟು ಅಗಲವಿಲ್ಲದ ಬಾಟಲಿಯನ್ನು ಎಷ್ಟೇ ಚೆಂದವಿದ್ದರೂ ಬಿಡುವುದು ಒಳ್ಳೆಯದು. ಮುಚ್ಚಳದ ವಾಷರ್ ಬೆರಳಿಗೆ ಬಿಚ್ಚಿಬರಬೇಕು. ಕೊಳವೆ, ಗುಂಡಿ, ಸ್ಪ್ರಿಂಗು ಹೆಚ್ಚಿದಷ್ಟೂ ತೊಳೆಯಲಾಗದ ಮೂಲೆಗಳು ಹೆಚ್ಚುತ್ತವೆ. ಶಾಲೆಯ ಮಕ್ಕಳಿಗೆ ಒಂದೇ ಪದರದ ಹಗುರ ಬಾಟಲಿ ಸಾಕು. ಪುಸ್ತಕಗಳ ಭಾರವೇ ಅವರ ಬೆನ್ನಿಗೆ ಬೇಕಾದಷ್ಟಿದೆ.

ಎರಡು ಪದರದ ಬಾಟಲಿಯ ಹಿಂದೆ ಇನ್ನೊಂದು ಕತೆಯಿದೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜೇಮ್ಸ್ ಡ್ಯೂವರ್ 1892ರಲ್ಲಿ ದ್ರವರೂಪದ ಅನಿಲಗಳನ್ನು ತಣ್ಣಗೆ ಕಾಯ್ದಿಡಲು ಎರಡು ಗೋಡೆಯ ಗಾಜಿನ ಪಾತ್ರೆ ಮಾಡಿಸಿ, ನಡುವಿನ ಗಾಳಿಯನ್ನು ಹೀರಿ ತೆಗೆದ. ಪೇಟೆಂಟ್ ಪಡೆಯಲಿಲ್ಲ. ಗಾಜಿನ ಕೆಲಸದ ಜರ್ಮನ್ ಕುಶಲಿ ರೈನ್‌ಹೋಲ್ಡ್ ಬರ್ಗರ್ ಅದನ್ನು ಮನೆಬಳಕೆಗೆ ತಂದ; ‘ಥರ್ಮಾಸ್’ ಹೆಸರು 1904ರಲ್ಲಿ ಬಂತು. ಡ್ಯೂವರ್ ನ್ಯಾಯಾಲಯಕ್ಕೆ ಹೋಗಿ ಸೋತ. ಬಿದ್ದರೆ ಒಡೆಯುವ ಗಾಜಿನ ಬದಲು ಉಕ್ಕಿನ ನಿರ್ವಾತ ಬಾಟಲಿ ತಂದವನು ಅಮೆರಿಕದ ವಿದ್ಯುತ್ ಎಂಜಿನಿಯರ್ ವಿಲಿಯಂ ಸ್ಟ್ಯಾನ್ಲಿ. ಅದೂ 1913ರಲ್ಲೇ, ಬ್ರೇರ್ಲಿಯ ಉಕ್ಕು ಎರಕಗೊಂಡ ವರ್ಷ.

ಗೋಡೆಗಳ ನಡುವೆ ಗಾಳಿಯಿಲ್ಲದಿದ್ದರೆ ಶಾಖವನ್ನು ಒಂದು ಗೋಡೆಯಿಂದ ಇನ್ನೊಂದಕ್ಕೆ ಸಾಗಿಸುವವರೇ ಇಲ್ಲ. ಉಳಿಯುವುದು ವಿಕಿರಣ, ಅದನ್ನು ತಡೆಯಲು ಕೆಲವು ತಯಾರಕರು ಒಳಗೋಡೆಯ ಹೊರಮೈಗೆ ತಾಮ್ರದ ಲೇಪ ಕೊಡುತ್ತಾರೆ. ಶಾಖಕ್ಕೆ ತಪ್ಪಿಸಿಕೊಳ್ಳಲು ಉಳಿದ ದಾರಿ ಬಾಯಿ ಮತ್ತು ಮುಚ್ಚಳ. ಹಾಗಾಗಿ ಅಗಲ ಬಾಯಿಯ ಬಾಟಲಿ ತೊಳೆಯಲು ಸುಲಭವಾದರೂ ಅದರಲ್ಲಿಟ್ಟದ್ದು ಬೇಗ ಆರುತ್ತದೆ. ಕಾಫಿ ತುಂಬುವ ಮೊದಲು ಕುದಿನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿದರೆ ಒಳಗೋಡೆ ಮೊದಲೇ ಬಿಸಿಯಾಗಿ ಹೆಚ್ಚು ಹೊತ್ತು ತಡೆಯುತ್ತದೆ. ಮಂಗಳೂರಿನ ಸೆಖೆಯಲ್ಲಿ ತಣ್ಣೀರು ತುಂಬಿದ ಒಂದೇ ಪದರದ ಬಾಟಲಿ ಬೆವರಿ ಬ್ಯಾಗಿನ ಪುಸ್ತಕ ತೋಯಿಸುತ್ತದೆ, ನಿರ್ವಾತದ ಬಾಟಲಿ ಬೆವರುವುದಿಲ್ಲ. ಆದರೆ ಇದನ್ನು ಒಲೆಯ ಮೇಲಾಗಲಿ ಫ್ರೀಜರಿನಲ್ಲಾಗಲಿ ಇಡಲೇಬಾರದು. ಉರಿಗೆ ತಳದ ಮೊಹರು ಬಿಡಬಹುದು. ನೀರು ಮಂಜುಗಡ್ಡೆಯಾಗುವಾಗ ಸುಮಾರು 9 ಶೇಕಡ ಹಿಗ್ಗಿ ಒಳಗೋಡೆಯನ್ನು ಉಬ್ಬಿಸುತ್ತದೆ.

ಗಾಳಿ ತೆಗೆದ ಪುಟ್ಟ ರಂಧ್ರವನ್ನು ತಳದಲ್ಲಿ ಬೆಸುಗೆ ಹಾಕಿ ಮುಚ್ಚಿರುತ್ತಾರೆ. ಕೆಲವು ತಯಾರಿಕೆಗಳಲ್ಲಿ ಆ ಬೆಸುಗೆಯಲ್ಲಿ ಸೀಸ ಇರುತ್ತದೆ. 2024ರ ಜನವರಿಯಲ್ಲಿ ಅಮೆರಿಕದಲ್ಲಿ ಇದು ದೊಡ್ಡ ಸುದ್ದಿಯಾಯಿತು. ಬೆಸುಗೆಯ ವಸ್ತುವಿನಲ್ಲಿ ಸೀಸ ಇರುವುದು ನಿಜ, ಅದರ ಮೇಲೆ ಸ್ಟೀಲಿನ ಪದರವಿದೆ, ಕುಡಿಯುವ ಪಾನೀಯಕ್ಕೆ ಅದು ತಾಗುವುದಿಲ್ಲ ಎಂದು ಇಂಥ ಬಾಟಲಿ ತಯಾರಿಸುವ ಸ್ಟ್ಯಾನ್ಲಿ ಕಂಪನಿ ವಿವರಿಸಿತು. ಬಳಸುವವರು ನೆನಪಿಡಬೇಕಾದ್ದು ಇಷ್ಟು: ತಳದ ಬಿಲ್ಲೆ ಕಳಚಿ ಒಳಗಿನ ಬೆಸುಗೆ ಕಂಡರೆ ಆ ಬಾಟಲಿಯನ್ನು ಮಕ್ಕಳ ಕೈಗೆ ಕೊಡಬಾರದು, ಬಳಕೆಯನ್ನೇ ನಿಲ್ಲಿಸಬೇಕು.

ಬಿಸಿಯನ್ನು ಕಾಯುವ ಈ ಗುಣ ಹಾಲಿನ ವಿಷಯದಲ್ಲಿ ತಿರುಗುಬಾಣವಾಗುತ್ತದೆ. ಬಿಸಿ ಆಹಾರವನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣನೆಯದನ್ನು 5 ಡಿಗ್ರಿಗಿಂತ ಕೆಳಗೆ ಇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಾಟಲಿಯಲ್ಲಿಟ್ಟ ಹಾಲು, ಕಾಫಿ ಕೆಲವು ಗಂಟೆಗಳಲ್ಲಿ 60ಕ್ಕಿಂತ ಕೆಳಗಿಳಿದು ಬಹಳ ಹೊತ್ತು ಉಗುರುಬೆಚ್ಚಗೆ ಉಳಿಯುತ್ತದೆ. ಕುದಿತವನ್ನೂ ತಾಳಿಕೊಂಡ ಬ್ಯಾಸಿಲಸ್ ಸೀರಿಯಸ್‌ನಂಥ ಬ್ಯಾಕ್ಟೀರಿಯಾದ ಬೀಜಾಣುಗಳು ಮೊಳೆತು ಬೆಳೆಯಲು ಅದು ಹಿತವಾದ ತಾಣ. ಬೆಳಗಿನ ಹಾಲನ್ನು ಮಗುವಿಗೆ ಸಂಜೆ ಕುಡಿಸುವುದು ಬೇಡ.

ಬ್ಯಾಕ್ಟೀರಿಯಾ ವಿಷಯ ಬಂದಾಗ ತಾಮ್ರದ ಚೊಂಬಿನ ನೆನಪಾಗುವುದು ಸಹಜ. ಬೆಂಗಳೂರಿನ ಆಯುರ್ವೇದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಕಾಲರಾ ಸೇರಿದಂತೆ ಭೇದಿ ತರುವ ಬ್ಯಾಕ್ಟೀರಿಯಾಗಳು ನಾಶವಾಗಿದ್ದವು. ಸ್ಟೀಲಿಗೆ ಆ ಶಕ್ತಿಯಿಲ್ಲ. ಅದು ನೀರಿಗೆ ಏನನ್ನೂ ಸೇರಿಸುವುದಿಲ್ಲ, ನೀರಿನಿಂದ ಏನನ್ನೂ ತೆಗೆಯುವುದಿಲ್ಲ. ಕೊಳೆ ನೀರು ತುಂಬಿದರೆ ಕೊಳೆ ನೀರೇ ಉಳಿಯುತ್ತದೆ. ಅದಕ್ಕೇ ತೊಳೆಯುವುದು ಮುಖ್ಯ.

‘ಬಾಟಲಿ ವಾಸನೆ ಬರುತ್ತೆ’ ಎಂದು ದೂರುವವರು ಲೋಹವನ್ನು ಬೈಯುತ್ತಾರೆ. ಮೂಸಿ ನೋಡಬೇಕಾದ್ದು ವಾಷರನ್ನು. ಅದರ ಅಡಿಯಲ್ಲಿ ಲೋಳೆಯಂಥ ಜೈವಿಕ ಪದರ ಕಟ್ಟಿರುತ್ತದೆ. ವಾರಕ್ಕೊಮ್ಮೆಯಾದರೂ ಅದನ್ನು ಬಿಚ್ಚಿ ಸಾಬೂನು ಹಚ್ಚಿ ತಿಕ್ಕಬೇಕು. ಬಾಟಲಿಗೆ ಅಡುಗೆ ಸೋಡಾ ಬೆರೆತ ಬಿಸಿನೀರು ಸಾಕು. ಕೋಲಾರದ ಕಡೆಯ ಬೋರ್‌ವೆಲ್ ನೀರಿನವರಿಗೆ ತಳದಲ್ಲಿ ಬಿಳಿ ಪೊರೆ ಕಟ್ಟುವುದು ಗೊತ್ತೇ ಇದೆ. ಅದು ಸುಣ್ಣ. ನಿಂಬೆರಸವೋ ವಿನೆಗರೋ ಬೆರೆಸಿದ ನೀರನ್ನು ಅರ್ಧ ಗಂಟೆ ಬಿಟ್ಟರೆ ಕರಗುತ್ತದೆ. ಬ್ಲೀಚಿಂಗ್ ದ್ರಾವಣ ಮಾತ್ರ ಬೇಡ, ಅದರಲ್ಲಿರುವ ಕ್ಲೋರಿನ್ನೂ ಕ್ರೋಮಿಯಂ ಪೊರೆಗೆ ಶತ್ರು. ಕಬ್ಬಿಣದ ನಾರಿನಲ್ಲಿ ಉಜ್ಜುವುದೂ ಬೇಡ. ನಾರಿನ ಸಣ್ಣ ಚೂರುಗಳು ಗೀರುಗಳಲ್ಲಿ ಸಿಕ್ಕಿಕೊಂಡು ತುಕ್ಕು ಹಿಡಿಯುತ್ತವೆ, ಜನ ಬಾಟಲಿಯೇ ತುಕ್ಕು ಹಿಡಿಯಿತೆಂದು ತಿಳಿಯುತ್ತಾರೆ. ಹೊಸ ಬಾಟಲಿಯ ಒಳಗೆ ಬಿಳಿ ಬಟ್ಟೆ ಆಡಿಸಿದಾಗ ಕಪ್ಪು ಹತ್ತಿದರೆ ಅದು ಹೊಳಪು ಕೊಡಲು ಬಳಸಿದ ವಸ್ತುವಿನ ಶೇಷ. ಸಾಬೂನು ನೀರಿನಲ್ಲಿ ಚೆನ್ನಾಗಿ ತೊಳೆದರೆ ಹೋಗುತ್ತದೆ.

ತೊಳೆದ ಮೇಲೆ ಮುಚ್ಚಳ ಬಿಗಿದಿಡುವ ಅಭ್ಯಾಸ ಹಲವು ಮನೆಗಳಲ್ಲಿದೆ. ಬಾಟಲಿಗೆ ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಒಳಗಿನ ತೇವದಲ್ಲಿ ವಾಸನೆಯ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ವಾಷರಿನ ಅಡಿ, ಬೆಸುಗೆಯ ಸಂದುಗಳಲ್ಲಿ ಆಮ್ಲಜನಕ ಮುಗಿದು, ಉಪ್ಪಿನಂಶ ಕೂಡಿಕೊಂಡು, ಕ್ರೋಮಿಯಂ ಪೊರೆ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲಾಗದೆ ಗುಳಿ ಬೀಳುತ್ತದೆ. ರಾತ್ರಿ ಬಾಯಿ ತೆರೆದು ಬೋರಲು ಹಾಕಿ, ತಳ ಸ್ವಲ್ಪ ಓರೆಯಾಗಿರುವಂತೆ ಒಣಗಲು ಬಿಟ್ಟರೆ ಎರಡೂ ತೊಂದರೆ ಒಟ್ಟಿಗೆ ತಪ್ಪುತ್ತವೆ.

ಇಷ್ಟೆಲ್ಲ ಆರೈಕೆ ಏಕೆ ಬೇಕು, ಪ್ಲಾಸ್ಟಿಕ್ ಬಾಟಲಿ ಸಾಲದೇ? ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಅಲ್ಲಿನ ಬಾಟಲಿ ನೀರನ್ನು ಲೇಸರ್ ತಂತ್ರದಿಂದ ಪರೀಕ್ಷಿಸಿದಾಗ ಲೀಟರಿಗೆ ಸರಾಸರಿ 2.4 ಲಕ್ಷ ಪ್ಲಾಸ್ಟಿಕ್ ಕಣಗಳು ಕಂಡವು. ಅವುಗಳಲ್ಲಿ ಶೇಕಡ 90ರಷ್ಟು ನ್ಯಾನೋ ಗಾತ್ರದವು. ಆದರೆ ಸ್ಟೀಲ್ ಬಾಟಲಿಯೂ ಪುಕ್ಕಟೆ ಬಂದದ್ದಲ್ಲ. ಅದರ ಕ್ರೋಮಿಯಂ ಒಡಿಶಾದ ಸುಕಿಂದಾ ಕಣಿವೆಯಂಥ ಗಣಿಗಳಿಂದ ಬರುತ್ತದೆ. ನಮ್ಮ ಹಾಸನ ಜಿಲ್ಲೆಯ ಬೈರಾಪುರದಲ್ಲೂ ಕ್ರೋಮೈಟ್ ತೆಗೆದಿದ್ದಾರೆ. ಒಂದು ಸ್ಟೀಲ್ ಬಾಟಲಿ ತಯಾರಿಸಲು ಒಂದು ಪ್ಲಾಸ್ಟಿಕ್ ಬಾಟಲಿಗಿಂತ ಎಷ್ಟೋ ಪಟ್ಟು ಹೆಚ್ಚು ಶಕ್ತಿ ಬೇಕು. ಬಣ್ಣಬಣ್ಣದ ನಾಲ್ಕು ಬಾಟಲಿ ಕೊಂಡು ಮೂರನ್ನು ಕಪಾಟಿನಲ್ಲಿಟ್ಟರೆ ಆ ಲೆಕ್ಕ ಎಂದೂ ಸರಿದೂಗುವುದಿಲ್ಲ. ಒಂದನ್ನೇ ಹತ್ತು ವರ್ಷ ಬಳಸಿದರೆ ಸರಿದೂಗುತ್ತದೆ.

ಬಾಟಲಿ ಬಿಸಿ ಹಿಡಿಯುತ್ತಿಲ್ಲವೆಂದು ಅನುಮಾನ ಬಂದರೆ ಕುದಿನೀರು ತುಂಬಿ ಹತ್ತು ನಿಮಿಷ ಬಿಟ್ಟು ಹೊರಮೈ ಮುಟ್ಟಿ ನೋಡಬಹುದು. ಕುತ್ತಿಗೆಯ ಬಳಿ ತುಸು ಬೆಚ್ಚಗಿರುವುದು ಸಹಜ, ಅಲ್ಲಿ ಎರಡು ಗೋಡೆಗಳೂ ಕೂಡುತ್ತವೆ. ಹೊಟ್ಟೆಯ ಭಾಗವೂ ಬಿಸಿಯಾಗಿದ್ದರೆ ಎಲ್ಲೋ ಸೋರಿ ನಿರ್ವಾತ ಹೋಗಿದೆ. ಅದನ್ನು ಮನೆಯಲ್ಲಿ ಸರಿಪಡಿಸಲು ಬರುವುದಿಲ್ಲ. ಒಳಗೋಡೆ ಬಿರುಕು ಬಿಟ್ಟಿರದಿದ್ದರೆ ಮಾಮೂಲಿ ನೀರಿಗೆ ಅದು ಇನ್ನೂ ವರ್ಷಗಟ್ಟಲೆ ಒದಗುತ್ತದೆ. ಅಲುಗಿಸಿದಾಗ ಗೋಡೆಗಳ ನಡುವೆ ನೀರಿನ ಸದ್ದು ಕೇಳಿದರೆ ಮಾತ್ರ ಅದನ್ನು ಗುಜರಿಯವರಿಗೆ ಕೊಟ್ಟುಬಿಡಬೇಕು. ಕೊಡುವ ಮೊದಲು ಪ್ಲಾಸ್ಟಿಕ್ ಮುಚ್ಚಳ ಬೇರ್ಪಡಿಸಿದರೆ ಒಳ್ಳೆಯದು. ನಿಕಲ್ ಇರುವ ಸ್ಟೀಲಿಗೆ ಗುಜರಿಯಲ್ಲಿ ಮಾಮೂಲಿ ಕಬ್ಬಿಣಕ್ಕಿಂತ ಹೆಚ್ಚು ಬೆಲೆಯಿದೆ, ಕರಗಿಸಿದರೆ ಅದು ಮತ್ತೆ ಸ್ಟೇನ್‌ಲೆಸ್ ಸ್ಟೀಲೇ ಆಗುತ್ತದೆ.