ಡಿಸೆಂಬರ್ ಕೊನೆಗೆ ಷೇರು ಏರುವುದು ನಿಜವೇ?

ಆದೋನಿ ಕಡೆ ಹತ್ತಿ ಮಾರಿದ ದುಡ್ಡು ಕೈಗೆ ಬರುವ ಹೊತ್ತಿಗೇ ಮೊಬೈಲ್‌ಗೆ ಸಂದೇಶವೂ ಬರುತ್ತದೆ: 'ಸಾಂಟಾ ರ್‍ಯಾಲಿ ಶುರು, ಈಗಲೇ ಷೇರು ಕೊಳ್ಳಿ!'

ಈ ಮಾತು ಅಮೆರಿಕದ್ದು. ಡಿಸೆಂಬರಿನ ಕೊನೆಯ ಐದು, ಜನವರಿಯ ಮೊದಲ ಎರಡು ವಹಿವಾಟು ದಿನಗಳಲ್ಲಿ ಅಲ್ಲಿನ ಪೇಟೆ ಸಾಮಾನ್ಯವಾಗಿ ಏರುತ್ತದೆಂದು 1972ರಲ್ಲಿ ಗುರುತಿಸಿದವರು ಯೇಲ್ ಹಿರ್ಶ್. ಷೇರು ವ್ಯಾಪಾರಿಗಳಿಗಾಗಿ ವರ್ಷಕ್ಕೊಂದು ಪಂಚಾಂಗ ಹೊರತರುತ್ತಿದ್ದವರು ಅವರು. 1950ರಿಂದೀಚೆಗೆ ಈ ಏಳು ದಿನಗಳಲ್ಲಿ ಎಸ್ ಆಂಡ್ ಪಿ 500 ಸೂಚ್ಯಂಕದ ಸರಾಸರಿ ಏರಿಕೆ ಸುಮಾರು ಶೇ. 1.3.

ಕಾರಣ? ಅಲ್ಲಿ ತೆರಿಗೆ ವರ್ಷ ಮುಗಿಯುವುದು ಡಿಸೆಂಬರ್ 31ಕ್ಕೆ. ತೆರಿಗೆ ಉಳಿಸಲು ನಷ್ಟದ ಷೇರು ಮಾರುವ ಗದ್ದಲ ತಣ್ಣಗಾದ ಮೇಲೆ ಬೆಲೆ ಚೇತರಿಸಿಕೊಳ್ಳುತ್ತದೆ ಎನ್ನುತ್ತಾರೆ. ದೊಡ್ಡ ಹೂಡಿಕೆದಾರರು ರಜೆಯಲ್ಲಿರುವುದರಿಂದ ವಹಿವಾಟು ಕಡಿಮೆ. ಸ್ವಲ್ಪ ಖರೀದಿಗೂ ಬೆಲೆ ಜಿಗಿಯುತ್ತದೆ. (ಬೀಳುವುದೂ ಅಷ್ಟೇ ಸುಲಭ.) ನಮ್ಮಲ್ಲಿ ತೆರಿಗೆ ಲೆಕ್ಕ ಮುಗಿಯುವುದು ಮಾರ್ಚ್ 31ಕ್ಕೆ. ಆ ಮೊದಲ ಕಾರಣವನ್ನು ಇಲ್ಲಿಗೆ ತಂದು ಅಂಟಿಸುವುದು ಹೇಗೆ?

ಅಲ್ಲಿಯೂ ಇದು ಪ್ರತಿವರ್ಷ ಫಲಿಸುವುದಿಲ್ಲ. 2023 ಮತ್ತು 2024ರ ಕೊನೆಯಲ್ಲಿ ಶುರುವಾದ ಆ ಏಳು ದಿನಗಳಲ್ಲಿ ಸೂಚ್ಯಂಕ ಇಳಿಯಿತು. ಏರಿತೆಂದೇ ಇಟ್ಟುಕೊಳ್ಳಿ, 10,000 ರೂಪಾಯಿಗೆ ಶೇ. 1.3 ಎಂದರೆ 130 ರೂಪಾಯಿ. ಕೊಳ್ಳುವಾಗ, ಮಾರುವಾಗ ದಲ್ಲಾಳಿ ಶುಲ್ಕ ಮತ್ತು ವಹಿವಾಟು ತೆರಿಗೆ ಕಳೆದರೆ ಕೈಗೆ ಸಿಗುವುದು ಇನ್ನೂ ಕಡಿಮೆ.