ಹೇಳಲು ನಾಚುವ ನವೆ

ಸ್ತನದ ಕ್ಯಾನ್ಸರ್, ಗರ್ಭಕೋಶದ ಕೊರಳಿನ ಕ್ಯಾನ್ಸರ್ ಎಂಬ ಮಾತುಗಳು ಈಗ ನಮ್ಮ ಮನೆಗಳಲ್ಲಿಯೂ ಕೇಳಿಬರುತ್ತವೆ. ಆದರೆ ಯೋನಿದ್ವಾರದ ಹೊರಗೆ ತುಟಿಗಳಂತಿರುವ ಚರ್ಮದ ಮಡಿಕೆಗಳಿಗೂ ಕ್ಯಾನ್ಸರ್ ಬರುವುದುಂಟೆಂದು ಬಲ್ಲವರು ಕಡಿಮೆ. ಈ ಭಾಗವನ್ನು ವೈದ್ಯರು ವಲ್ವಾ ಎನ್ನುತ್ತಾರೆ. ಸ್ತ್ರೀ ಜನನಾಂಗಗಳ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ನೂರಕ್ಕೆ ಸುಮಾರು 3ರಿಂದ 5 ಮಾತ್ರ. ಕಣ್ಣಿಗೆ ಕಾಣುವ, ಕೈಗೆ ಸಿಕ್ಕುವ ಜಾಗದಲ್ಲಿಯೇ ಹುಟ್ಟುವ ಈ ರೋಗ ತಡವಾಗಿ ಪತ್ತೆಯಾಗುವುದೇಕೆ? ಬಾಧೆಪಡುವವರು ಹೇಳಿಕೊಳ್ಳುವುದಿಲ್ಲ, ಹೇಳಿಕೊಂಡಾಗಲೂ ಪರೀಕ್ಷಿಸಿ ನೋಡುವವರು ಕೆಲವರೇ.

ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ ಅರವತ್ತು ದಾಟಿದ ತಾಯಿಗೆ ಗುಪ್ತಾಂಗದಲ್ಲಿ ನವೆಯೆಂದರೆ ಕಾರಣಗಳು ಸಿದ್ಧವಾಗಿರುತ್ತವೆ: ಗದ್ದೆಯ ಬೆವರು, ಮೈಯ ಉಷ್ಣ, ಇಲ್ಲವೇ ಸಕ್ಕರೆ ಕಾಯಿಲೆ. ಇವು ಸುಳ್ಳಲ್ಲ. ಸಕ್ಕರೆ ಕಾಯಿಲೆಯವರಿಗೆ ಬೂಷ್ಟಿನ ಸೋಂಕಿನಿಂದ ನವೆಯಾಗುವುದು ಸಾಮಾನ್ಯ, ಅದು ಔಷಧದಿಂದ ವಾಸಿಯೂ ಆಗುತ್ತದೆ. ತೊಡಕಿರುವುದು ವಾಸಿಯಾಗದ ನವೆಯಲ್ಲಿ. ಮಗನೋ ಮೊಮ್ಮಗನೋ ಔಷಧಿ ಅಂಗಡಿಯಿಂದ ಮುಲಾಮು ತಂದುಕೊಡುತ್ತಾನೆ, ನವೆ ಕೆಲವು ದಿನ ಅಡಗುತ್ತದೆ, ಮತ್ತೆ ಮರಳುತ್ತದೆ. ಹೀಗೆ ಒಂದು ವರ್ಷ ಕಳೆದುಹೋದರೂ ಆ ಜಾಗವನ್ನು ಒಬ್ಬ ವೈದ್ಯರೂ ನೋಡಿರುವುದಿಲ್ಲ.

ಚಿಕಿತ್ಸೆ ಪಡೆದು ಮೂರು ನಾಲ್ಕು ವಾರವಾದರೂ ನಿಲ್ಲದ ನವೆ ಅಥವಾ ಉರಿ, ಮಾಯದ ಹುಣ್ಣು, ಗಂಟು, ನರುಲಿಯಂತಹ ಬೆಳವಣಿಗೆ, ಬೆಳ್ಳಗೆ ಇಲ್ಲವೇ ಕೆಂಪಗೆ ದಪ್ಪವಾದ ಚರ್ಮ, ಬಣ್ಣ ಬದಲಿಸುವ ಮಚ್ಚೆ, ಮುಟ್ಟು ನಿಂತ ಮೇಲೆ ಕಾಣುವ ರಕ್ತ, ತೊಡೆಸಂದಿನ ಗಡ್ಡೆ: ಇವುಗಳಲ್ಲಿ ಒಂದಿದ್ದರೂ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ನೋವಿಲ್ಲವೆಂದು ಸುಮ್ಮನಿರಬಾರದು, ಮೊದಲ ಹಂತದಲ್ಲಿ ನೋವು ಇಲ್ಲದಿರುವುದೇ ಹೆಚ್ಚು.

ವಯಸ್ಸಾದವರಲ್ಲಿ ಈ ರೋಗ ಬಹುಮಟ್ಟಿಗೆ ಲೈಕೆನ್ ಸ್ಕ್ಲೆರೋಸಸ್ ಎಂಬ ಚರ್ಮರೋಗದ ಬೆನ್ನಿಗೆ ಬರುತ್ತದೆ. ಅದರಲ್ಲಿ ಚರ್ಮ ಬೆಳ್ಳಗಾಗಿ ತೆಳುವಾಗಿ ವಿಪರೀತ ನವೆಯಾಗುತ್ತದೆ. ಆ ಚರ್ಮರೋಗವಿದ್ದವರಲ್ಲಿ ಕೆಲವರಿಗಷ್ಟೇ ಕ್ಯಾನ್ಸರ್ ಬರುವುದಾದರೂ, ವೈದ್ಯರು ಹೇಳಿದಂತೆ ಕ್ರಮವಾಗಿ ಮುಲಾಮು ಹಚ್ಚಿ ಆಗಾಗ ತೋರಿಸಿಕೊಳ್ಳುತ್ತಿರಬೇಕು. ಕಿರಿಯ ವಯಸ್ಸಿನವರಲ್ಲಿ ಎಚ್‌ಪಿವಿ ಎಂಬ ವೈರಾಣು ಮುಖ್ಯ ಕಾರಣ. ಗರ್ಭಕೋಶದ ಕೊರಳಿನ ಕ್ಯಾನ್ಸರ್ ತಡೆಯಲು ಹೆಣ್ಣುಮಕ್ಕಳಿಗೆ ಹಾಕಿಸುವ ಲಸಿಕೆ ಇದಕ್ಕೂ ರಕ್ಷಣೆ ನೀಡುತ್ತದೆ. ಇದು ಸೊಸೆಯಿಂದ ಅತ್ತೆಗೆ ಅಂಟುವ ಜಾಡ್ಯವಲ್ಲ; ನಡತೆಯ ಮೇಲೆ ಗೂಬೆ ಕೂರಿಸಲು ನೆಪವೂ ಅಲ್ಲ.

ಸಂಶಯ ಕಂಡರೆ ವೈದ್ಯರು ಆ ಜಾಗಕ್ಕೆ ಮರವಿನ ಚುಚ್ಚುಮದ್ದು ಕೊಟ್ಟು ಸಣ್ಣ ಚೂರು ಚರ್ಮವನ್ನು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಇದೇ ಬಯಾಪ್ಸಿ. ಚಾಕು ತಗುಲಿದರೆ ರೋಗ ಹರಡುತ್ತದೆಂಬ ಮಾತು ನಮ್ಮಲ್ಲಿ ಬಲವಾಗಿದೆ, ಅದಕ್ಕೆ ಆಧಾರವಿಲ್ಲ. ಈ ಭಯದಿಂದ ಕಳೆದ ತಿಂಗಳುಗಳಲ್ಲಿಯೇ ರೋಗ ತೊಡೆಸಂದಿನ ಗ್ರಂಥಿಗಳಿಗೆ ಇಳಿಯಬಹುದು. ಗ್ರಂಥಿಗಳಿಗೆ ಮುಟ್ಟುವ ಮೊದಲು ಸಿಕ್ಕಿದರೆ ಹೆಚ್ಚಿನವರು ಗುಣಹೊಂದುತ್ತಾರೆ. ಹಿಂದೆ ಎರಡೂ ಬದಿಯ ಗ್ರಂಥಿಗಳೊಡನೆ ಇಡೀ ಭಾಗವನ್ನೇ ತೆಗೆಯುತ್ತಿದ್ದರು. ಕಾಲುಗಳು ಊದಿಕೊಂಡು ಜೀವನವಿಡೀ ಬಾಧೆಪಡಬೇಕಾಗುತ್ತಿತ್ತು. ಈಗ ರೋಗ ಸಣ್ಣದಿದ್ದರೆ ಗಡ್ಡೆಯನ್ನೂ ಸುತ್ತಲಿನ ಸ್ವಲ್ಪ ಚರ್ಮವನ್ನೂ ಮಾತ್ರ ತೆಗೆದರೆ ಸಾಕಾಗುವುದುಂಟು. ಮುಂದುವರಿದಿದ್ದರೆ ವಿಕಿರಣ ಚಿಕಿತ್ಸೆಯೂ ಔಷಧಗಳೂ ಬೇಕಾಗುತ್ತವೆ.

ಮೊದಲ ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ. ಮದ್ದೂರು, ಮಳವಳ್ಳಿಯವರು ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ತಜ್ಞರಿಗೆ ತೋರಿಸಬಹುದು. ಮಂಡ್ಯದಲ್ಲಿ 2006ರಲ್ಲಿ ಆರಂಭವಾದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ, ಅಂದರೆ ಮಿಮ್ಸ್, ಇದೆ. ರೋಗ ಖಚಿತವಾದರೆ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ಚಿಕಿತ್ಸೆಯುಂಟು. ಮಂಡ್ಯ, ಮದ್ದೂರಿನವರಿಗೆ ರೈಲಿದೆ. ಮಳವಳ್ಳಿಯವರು ಬಸ್ಸನ್ನೇ ನಂಬಬೇಕು. 2018ರಲ್ಲಿ ಜಾರಿಯಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವು ಇದೆ. ಆಧಾರ್, ಪಡಿತರ ಚೀಟಿ ಹಾಗೂ ಸ್ಥಳೀಯ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಜೊತೆಯಲ್ಲಿರಲಿ.

ಪರೀಕ್ಷೆಗೆ ಮಹಿಳಾ ವೈದ್ಯರೇ ಬೇಕೆಂದು ಕೇಳಲು ಅಡ್ಡಿಯಿಲ್ಲ. ಮಗಳೋ ಸೊಸೆಯೋ ಜೊತೆಗೆ ಹೋಗಲಿ. ಅಲ್ಲಿಯವರೆಗೆ ಹಚ್ಚಿದ ಮುಲಾಮಿನ ಟ್ಯೂಬನ್ನು ಎಸೆಯದೆ ಕೊಂಡೊಯ್ದು ವೈದ್ಯರಿಗೆ ತೋರಿಸಲಿ.